ನಮ್ಮ ಸಭೆಯ ಬಾಣಂತಿ

ನಾನು ಹೇಳಿದ ಮೊದಲ ಸುಳ್ಳಿನಲ್ಲಿ ನಾಲ್ಕೇ ಪದಗಳಿದ್ದವು. "ನಮ್ಮ ಸಭೆಯ ಬಾಣಂತಿಗೆ, ಆಂಟಿ."

ಬೆಳಿಗ್ಗೆ ಎಂಟೂವರೆ. ಚಾಮರಾಜಪುರಂನಲ್ಲಿ ನಾನೂ ಅಮ್ಮನೂ ಬಾಡಿಗೆಗಿರುವ ಮನೆಯ ಗೇಟಿನ ಬಳಿ ನಿಂತು ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದೆ. ಸ್ಕೂಟರಿನ ಕೊಕ್ಕೆಯಲ್ಲಿ ಮೂರು ಡಬ್ಬಿಯ ಸ್ಟೀಲ್ ಕ್ಯಾರಿಯರ್ ತೂಗುತ್ತಿತ್ತು. ಕೆಳಗಿನ ಮನೆಯಲ್ಲಿರುವ ನಮ್ಮ ಓನರ್ ಆಂಟಿ ಹೂವು ಕೀಳುತ್ತಿದ್ದವರು ಅದನ್ನು ನೋಡಿ, "ಅದು ನಮ್ಮನೆ ಕ್ಯಾರಿಯರ್ ಅಲ್ವೇನಮ್ಮ? ಎಲ್ಲಿಗೆ ಹೊರಡ್ತು?" ಎಂದು ಕೇಳಿದ್ದರು. ಅನುಮಾನದಿಂದ ಕೇಳಿದ್ದಲ್ಲ, ಸುಮ್ಮನೆ ಕೇಳಿದ್ದು. ಅವರ ಹಿಂದೆ ಬಾಗಿಲಲ್ಲಿ ಅವರ ಸೊಸೆ ನಿಂತಿದ್ದಳು. ಅವಳ ಮುಖದಲ್ಲಿ ರಕ್ತ ಇಳಿದುಹೋಗಿದ್ದು ನನಗೆ ಅಲ್ಲಿಂದಲೇ ಕಾಣಿಸಿತು. ಆ ನಾಲ್ಕು ಪದಗಳನ್ನು ನಾನು ಯೋಚಿಸಿ ಹೇಳಲಿಲ್ಲ.

"ನಮ್ಮ ಸಭೆಯಲ್ಲಿ, ಅದೇ ನಮ್ಮ ಚರ್ಚಲ್ಲಿ, ಒಬ್ಬರಿಗೆ ಹೆರಿಗೆ ಆಗಿದೆ. ನೋಡಿಕೊಳ್ಳೋರು ಯಾರೂ ಇಲ್ಲ. ಅಕ್ಕ ಅಡುಗೆ ಮಾಡಿಕೊಡ್ತೀನಿ ಅಂದ್ರು" ಎಂದು ಮುಂದುವರಿಸಿದೆ. ಓನರ್ ಆಂಟಿ ಸೊಸೆಯ ಕಡೆ ತಿರುಗಿದರು.

"ಅಲ್ಲ ಕಣೇ, ಇಂಥ ಕೆಲಸ ಮಾಡೋವಾಗ ನನಗೊಂದು ಮಾತು ಹೇಳ್ಬಾರ್ದಿತ್ತಾ? ಹಸಿ ಮೈ ಅದು. ತುಪ್ಪ ಹಾಕಿದ್ಯೋ ಇಲ್ವೋ?"

ಅವರ ದನಿಯಲ್ಲಿದ್ದದ್ದು ಹೆಮ್ಮೆ. ನನಗೆ ಆಗಲೇ ಸಂಕಟವಾಯಿತು.

ಕ್ಯಾರಿಯರ್ ಹೊರಟಿದ್ದದ್ದು ಸೊಸೆಯ ಸ್ವಂತ ತಂಗಿಗೆ. ಆ ತಂಗಿ ಎರಡು ವರ್ಷದ ಹಿಂದೆ ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿದ್ದಳು. ತವರಿನವರು ಬಾಗಿಲು ಮುಚ್ಚಿದರು. ಹುಡುಗನ ಮನೆಯವರೂ ಮುಚ್ಚಿದರು. ನಮ್ಮ ಓನರ್ ಮನೆಯವರು ತಲೆಮಾರುಗಳಿಂದ ಮಠಕ್ಕೆ ನಡೆದುಕೊಳ್ಳುವವರು. ಅವರ ಯಜಮಾನರು ಮಠದ ಹಿರಿಯರ ಎದುರಿಗೇ, ಆ ಹುಡುಗಿಗೂ ಈ ಮನೆಗೂ ಇನ್ನು ಸಂಬಂಧವಿಲ್ಲ, ಅನ್ನ ನೀರೂ ಇಲ್ಲ ಎಂದು ಮಾತು ಕೊಟ್ಟು ಬಂದಿದ್ದರು. ಅಕ್ಕತಂಗಿಯರ ನಡುವೆ ಉಳಿದದ್ದು ಟೆರೇಸಿನ ಮೂಲೆಯಲ್ಲಿ ನಿಂತು ಮಾಡುವ ಎರಡು ನಿಮಿಷದ ಫೋನು ಮಾತ್ರ. ಅಂಥ ಒಂದು ಫೋನು ಮುಗಿದ ಮೇಲೆ, ಬಟ್ಟೆ ಒಣಹಾಕಲು ಹೋಗಿದ್ದ ನನ್ನ ಮುಂದೆ ಅವಳು ಅತ್ತಿದ್ದಳು. ತಂಗಿಗೆ ಸಿಸೇರಿಯನ್ ಆಗಿ ಹನ್ನೊಂದು ದಿನ. ಬಾಣಂತನ ಮಾಡುವವರಿಲ್ಲ. ಗಂಡ ಟೈರ್ ಅಂಗಡಿಗೆ ಹೋಗುವ ಮೊದಲು ಹೋಟೆಲಿನಿಂದ ಇಡ್ಲಿ ತಂದಿಟ್ಟು ಹೋಗುತ್ತಾನೆ. ಮೊದಲ ಬಾಣಂತನವೆಂದರೆ ತವರಿನಲ್ಲೇ ಆಗಬೇಕು ಎಂದುಕೊಂಡು ಬೆಳೆದವಳು ತಣ್ಣಗಿನ ಇಡ್ಲಿ ತಿಂದು ಮಗುವಿಗೆ ಹಾಲು ಕುಡಿಸುತ್ತಿದ್ದಳು. ಅವರ ಒಂದು ಕೋಣೆಯ ಮನೆ ಇದ್ದದ್ದು ಬನ್ನಿಮಂಟಪದಾಚೆ, ನಾನು ಪಾಠ ಮಾಡುವ ಕಾಲೇಜಿನಿಂದ ಐದು ನಿಮಿಷದ ದಾರಿ.

"ಏನೂ ಮಾಡ್ಬೇಡಿ ನೀವು. ಕ್ಯಾರಿಯರ್ ತಲುಪಿಸ್ಬುಡಿ, ಅಷ್ಟೇ. ಅಡುಗೆ ನಾನು ಮಾಡ್ತೀನಿ" ಎಂದಿದ್ದಳು ಸೊಸೆ.

ನಾನು ಒಪ್ಪಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಅದು ಲೆಂಟ್ ಶುರುವಾದ ವಾರ. ಈಸ್ಟರಿಗೆ ಮೊದಲಿನ ಈ ನಲವತ್ತು ದಿನ ನಮ್ಮಲ್ಲಿ ಕೆಲವರು ಮಾಂಸ ಬಿಡುತ್ತಾರೆ, ಕೆಲವರು ಕಾಫಿ ಬಿಡುತ್ತಾರೆ. ಆ ಸಲ ನಮ್ಮ ಅಯ್ಯನವರು, ಅಂದರೆ ಸಭೆಯ ಪಾಲಕರು, ಬಿಡುವುದು ಇರಲಿ, ಸಭೆಯ ಹೊರಗಿನ ಒಬ್ಬರಿಗಾದರೂ ದೇವರ ಪ್ರೀತಿಯನ್ನು ಕೈಯಾರೆ ತೋರಿಸಿ, ಆದರೆ ಅದನ್ನು ಯಾರ ಮುಂದೆಯೂ ಹೇಳಿಕೊಳ್ಳಬೇಡಿ ಎಂದಿದ್ದರು. ನಾನು ಕೂಟಗಳಲ್ಲಿ ಎದ್ದು ನಿಂತು, ದೇವರು ನನಗೆ ಇಂಥದ್ದು ಮಾಡಿದ ಎಂದು ಸಾಕ್ಷಿ ಹೇಳುವವಳಲ್ಲ. ಜನರ ಮನೆಗೆ ಹೋಗಿ ಕೈ ಹಿಡಿದು ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಮಾತೇ ಇಲ್ಲದ ಈ ಕೆಲಸ ನನ್ನ ಅಳತೆಗೆ ಹೊಲಿಸಿದ ಹಾಗಿತ್ತು.

ಮಾರನೆಯ ದಿನದಿಂದ ಕ್ಯಾರಿಯರ್ ಭಾರವಾಯಿತು. ಓನರ್ ಆಂಟಿ ಲಿಂಗಪೂಜೆ ಮುಗಿಸಿ ತಾವೇ ಒಲೆಯ ಮುಂದೆ ನಿಲ್ಲತೊಡಗಿದರು. ಮೆಣಸಿನ ಸಾರು, ತುಪ್ಪದಲ್ಲಿ ಕೆಂಪಗೆ ಹುರಿದ ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪಿನ ಪಲ್ಯ. ನಾಲ್ಕನೇ ದಿನ ಒಂದು ಸೀಸೆಯಲ್ಲಿ ಬಾಣಂತಿ ಲೇಹ್ಯ. "ಬೆಳಿಗ್ಗೆ ನೆಲ್ಲಿಕಾಯಷ್ಟು, ಸಾಯಂಕಾಲ ನೆಲ್ಲಿಕಾಯಷ್ಟು ತಿನ್ಬೇಕು ಅಂತ ಹೇಳಮ್ಮ. ತಣ್ಣೀರು ಮುಟ್ಟಬಾರದು. ಕಿವಿಗೆ ಹತ್ತಿ ಇಟ್ಕೊಂಡಿದಾಳಾ? ನಿಮ್ಮೋರಲ್ಲೂ ಇಡ್ತಾರೆ ತಾನೇ?" ಎನ್ನುತ್ತಿದ್ದರು. ಪಕ್ಕದಲ್ಲಿ ಸೊಸೆ ತಲೆ ತಗ್ಗಿಸಿ ಡಬ್ಬಿಗಳ ಮುಚ್ಚಳ ಒತ್ತುತ್ತಿದ್ದಳು. ಯಾವ ಹುಡುಗಿಯ ಹೆಸರು ಎತ್ತಬಾರದೆಂದು ಆ ಮನೆಯಲ್ಲಿ ಕಟ್ಟುಮಾಡಿದ್ದರೋ ಅವಳ ಹಸಿ ಮೈಗೆ ಆ ಮನೆಯ ತುಪ್ಪ ದಿನವೂ ಹೋಗುತ್ತಿತ್ತು. ಇದು ತಿಳಿದರೆ ಸೊಸೆಯ ಗತಿ ಏನೆಂದು ಅವಳೇ ನನಗೆ ಹೇಳಿದ್ದಳು. "ಫೋನೂ ಹೋಗುತ್ತೆ. ಅಷ್ಟೇ ಇರೋದು ನಮ್ಮಿಬ್ಬರಿಗೆ."

ಬನ್ನಿಮಂಟಪದ ಕೋಣೆಯಲ್ಲಿ ಆ ತಂಗಿ ಪ್ರತಿದಿನ ಡಬ್ಬಿ ತೆಗೆದು ಮೊದಲು ಮೂಗಿನ ಹತ್ತಿರ ತರುತ್ತಿದ್ದಳು. "ಅಕ್ಕಂದೇ" ಎಂದು ಹೇಳಿಕೊಂಡು ತಿನ್ನುತ್ತಿದ್ದಳು. ಸಾರು ಓನರ್ ಆಂಟಿಯದು, ಪಲ್ಯ ಮಾತ್ರ ಅಕ್ಕನದು ಎಂದು ನಾನು ಬಾಯಿ ಬಿಡಲಿಲ್ಲ. ಅವಳು ತಿನ್ನುವಷ್ಟು ಹೊತ್ತು ಮಗುವನ್ನು ನನ್ನ ತೊಡೆಯ ಮೇಲೆ ಮಲಗಿಸುತ್ತಿದ್ದಳು. ಮಗುವನ್ನು ಹೇಗೆ ಹಿಡಿಯಬೇಕೆಂದು ಗೊತ್ತಿಲ್ಲದೆ ನಾನು ಅಲ್ಲಾಡದೆ ಕುಳಿತಿರುತ್ತಿದ್ದೆ.

ಮೂರನೇ ವಾರದವರೆಗೆ ನಡೆಯಿತು. ಆಮೇಲೆ ಓನರ್ ಆಂಟಿ ಮೆಟ್ಟಿಲ ಬಳಿ ಅಮ್ಮನನ್ನು ನಿಲ್ಲಿಸಿಕೊಂಡು, "ಟೀಚರೇ, ನಿಮ್ಮ ಸಭೆ ಬಾಣಂತಿಗೆ ಸಾರು ಹಿಡಿಸ್ತಂತಾ?" ಎಂದು ಕೇಳಿಬಿಟ್ಟರು. ಅಮ್ಮ ಮೂವತ್ತು ವರ್ಷ ಪ್ರೈಮರಿ ಸ್ಕೂಲಿನಲ್ಲಿ ಪಾಠ ಮಾಡಿದವರು, ನನ್ನ ಮಾತನ್ನು ಒಮ್ಮೆಯೂ ಅನುಮಾನಿಸಿದವರಲ್ಲ. ಮೇಲೆ ಬಂದು, "ಯಾರೇ ಅದು, ನನಗೇ ಹೇಳಿಲ್ಲ?" ಎಂದರು.

"ಹೇಳಿಕೊಳ್ಳಬಾರದು ಅಂದಿದ್ರಲ್ಲಮ್ಮ ಅಯ್ಯನೋರು."

ಇದು ಸುಳ್ಳಲ್ಲ. ಸುಳ್ಳಿಗಿಂತ ಕೆಟ್ಟದ್ದು. ಅಮ್ಮನ ಕಣ್ಣು ತುಂಬಿತು. ನನ್ನ ತಲೆ ಸವರಿದರು. ನಾನು ಪಾತ್ರೆ ತೊಳೆಯಲು ಹೋದೆ.

ಲೆಂಟಿನಲ್ಲಿ ನಮ್ಮ ಸ್ತ್ರೀಯರ ಕೂಟ ಬುಧವಾರ ಸಾಯಂಕಾಲ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತದೆ. ಆ ವಾರ ಯಾದವಗಿರಿಯ ಒಂದು ಮನೆಯಲ್ಲಿತ್ತು. ಕೃತಜ್ಞತೆ ಹೇಳುವ ಹೊತ್ತಿನಲ್ಲಿ ಅಮ್ಮ ಎದ್ದು ನಿಂತರು. ಹೇಳಿಕೊಳ್ಳಬಾರದು ಎಂಬುದು ನನಗೆ ಹೇಳಿದ್ದು, ತಾಯಿಗಲ್ಲ ಎಂದು ಅವರು ಲೆಕ್ಕ ಹಾಕಿರಬೇಕು. ನಮ್ಮ ಸಭೆಯ ಬಾಣಂತಿಗೆ ನಮ್ಮ ಓನರ್ ಮನೆಯವರು, ಬೇರೆ ಧರ್ಮದವರು, ದಿನವೂ ಊಟ ಕಳಿಸುತ್ತಿದ್ದಾರೆ, ಅವರ ಮೂಲಕ ದೇವರು ತನ್ನ ಪ್ರೀತಿಯನ್ನು ನಮಗೇ ತೋರಿಸುತ್ತಿದ್ದಾನೆ ಎಂದರು. ಎಲ್ಲರೂ "ದೇವರಿಗೆ ಸ್ತೋತ್ರ" ಎಂದರು. ಕೂಟದ ಕಾರ್ಯದರ್ಶಿ ಆಂಟಿ ಮಾತ್ರ ಕನ್ನಡಕದ ಮೇಲಿನಿಂದ ನೋಡಿದರು. ಸಭೆಯ ಹುಟ್ಟು, ಮದುವೆ, ಸಾವುಗಳ ಪಟ್ಟಿ ಅವರ ಬಾಯಲ್ಲೇ ಇರುತ್ತದೆ.

"ಯಾವ ಬಾಣಂತಿ? ನನ್ನ ಲಿಸ್ಟಲ್ಲಿ ಇಲ್ವಲ್ಲ."

"ಹೊಸಬರು, ಆಂಟಿ. ಇನ್ನೂ ಸದಸ್ಯರಾಗಿಲ್ಲ" ಎಂದೆ.

"ಹೊಸಬರಾದ್ರೆ ಇನ್ನೂ ಬೇಗ ಹೋಗ್ಬೇಕು. ಶನಿವಾರ ಎಲ್ಲ ಸೇರಿ ಮಗು ನೋಡ್ಕೊಂಡು ಪ್ರಾರ್ಥನೆ ಮಾಡ್ಕೊಂಡು ಬರೋಣ. ಸ್ವೆಟರ್ ನಾನು ಹೆಣೆದಿಟ್ಟಿದೀನಿ."

ಹನ್ನೆರಡು ಹೆಂಗಸರು ಆ ಒಂದು ಕೋಣೆಗೆ ಹೋಗಿ ಹಾಡುವುದನ್ನು ನಾನು ಕಣ್ಣೆದುರಿಗೆ ಕಂಡೆ. ಗೋಡೆಯ ಮೇಲೆ ಆ ತಂಗಿಯ ಮದುವೆಯ ಫೋಟೋ, ಗೂಡಿನಲ್ಲಿ ವಿಭೂತಿ ಗಟ್ಟಿ. "ಮಗುಗೆ ಕಾಮಾಲೆ ಇದೆ ಆಂಟಿ. ಡಾಕ್ಟರು ಯಾರನ್ನೂ ಬಿಡಬೇಡಿ ಅಂದಿದಾರೆ" ಎಂದುಬಿಟ್ಟೆ.

ಕಾಲೇಜಿನಲ್ಲಿ ನಾನು ಮಾಡಿಸುವುದು ರಸಾಯನಶಾಸ್ತ್ರದ ಪ್ರಾಕ್ಟಿಕಲ್. ದ್ರಾವಣ ಅಳೆಯುವ ಬ್ಯುರೆಟ್ಟನ್ನು ನೋಡದೆ ಪಕ್ಕದವರ ರೀಡಿಂಗನ್ನು ರೆಕಾರ್ಡಿನಲ್ಲಿ ಬರೆದವರ ಪುಟಕ್ಕೆ ಅಡ್ಡಗೆರೆ ಎಳೆಯುತ್ತೇನೆ. ಮಕ್ಕಳು ನನ್ನನ್ನು ಕಂಡರೆ ಹೆದರುತ್ತಾರೆ. ಆ ಗುರುವಾರ ಒಬ್ಬಳ ಪುಟಕ್ಕೆ ಗೆರೆ ಎಳೆಯಲು ಹೋಗಿ, ಪೆನ್ನು ಮುಚ್ಚಿ, ಪುಸ್ತಕವನ್ನು ಹಾಗೇ ವಾಪಸು ಕೊಟ್ಟೆ.

ಭಾನುವಾರದ ಆರಾಧನೆಯಲ್ಲಿ ಕಾಮಾಲೆಯಾದ ಮಗುವಿಗಾಗಿ ಇಡೀ ಸಭೆ ಪ್ರಾರ್ಥಿಸಿತು. ಅಯ್ಯನವರು ದನಿ ಇಳಿಸಿ, "ಆ ಎಳೆಯ ದೇಹವನ್ನು ಮುಟ್ಟು, ತಂದೆಯೇ" ಎಂದರು. ನಾನು ಕಣ್ಣು ತೆರೆದೇ ಇದ್ದೆ. ಮುಂದಿನ ಬೆಂಚಿನಲ್ಲಿ ಒಬ್ಬ ಮುದುಕರು ಬಗ್ಗಿದ್ದ ತಲೆಯನ್ನು ಕೊನೆಯ ಆಮೆನ್ ತನಕ ಎತ್ತಲಿಲ್ಲ. ಇಲ್ಲದ ಕಾಯಿಲೆಗೆ ಇಷ್ಟು ಜನರನ್ನು ಮೊಣಕಾಲೂರಿಸಿದ್ದೆ. ಎದ್ದು ಹೊರಗೆ ಹೋಗೋಣವೆಂದರೆ ಬೆಂಚಿನ ನಡುವೆ ಸಿಕ್ಕಿದ್ದೆ.

ಮನೆಗೆ ಬಂದ ಅಮ್ಮ ಕಾಮಾಲೆಯ ವಿಷಯವನ್ನು ಓನರ್ ಆಂಟಿಗೆ ಹೇಳಿದರು. ಓನರ್ ಆಂಟಿ ಒಳಗೆ ಹೋಗಿ, "ಪಾಪ ಕಣೇ, ಆ ಕೂಸಿಗೆ ಕಾಮಾಲೆಯಂತೆ. ಚರ್ಚಲ್ಲೆಲ್ಲ ಪ್ರಾರ್ಥನೆ ಮಾಡ್ತಾವ್ರಂತೆ" ಎಂದು ಸೊಸೆಗೆ ಹೇಳಿದರು.

ಇದನ್ನು ನಾನು ಯೋಚಿಸಿಯೇ ಇರಲಿಲ್ಲ.

ಅವಳು ಟೆರೇಸಿಗೆ ಬಂದಾಗ ನಾನು ಹಾಸಿದ್ದ ಮೆಣಸಿನಕಾಯಿ ಎತ್ತುತ್ತಿದ್ದೆ. ಚಪ್ಪಲಿ ಇಲ್ಲದೆ, ಮಾರ್ಚಿನ ಬಿಸಿಲಲ್ಲಿ ಕಾದ ನೆಲದ ಮೇಲೆ ಓಡಿಬಂದಿದ್ದಳು. ನನ್ನ ತೋಳು ಹಿಡಿದಳು.

"ಎಷ್ಟು ದಿನ ಆಯ್ತು? ಎಷ್ಟು ದಿನದಿಂದ ಕಾಮಾಲೆ? ಅವಳಿಗೆ ಫೋನ್ ಮಾಡಿದ್ರೆ ಎತ್ತುತಾ ಇಲ್ಲ. ಆಸ್ಪತ್ರೆಗೆ ಸೇರಿಸಿದಾರಾ? ನನಗೆ ಯಾಕೆ ಹೇಳ್ಲಿಲ್ಲ ನೀವು?"

"ಅಕ್ಕ, ಇಲ್ಲ. ಏನೂ ಇಲ್ಲ. ಮಗು ಚೆನ್ನಾಗಿದೆ. ನಾನು ಸುಮ್ನೆ ಹೇಳಿದ್ದು. ಅವರು ಮಗು ನೋಡಕ್ಕೆ ಹೋಗ್ತೀವಿ ಅಂದ್ರು, ಅದಕ್ಕೆ."

ಅವಳು ನನ್ನ ತೋಳು ಬಿಟ್ಟಳು. ನೀರಿನ ಟ್ಯಾಂಕಿನ ನೆರಳಲ್ಲಿ ಕುಳಿತು ಉಸಿರು ಬಿಟ್ಟಳು. ಆಮೇಲೆ ಫೋನು ಬಂತು, ತಂಗಿಯದು, ಸ್ನಾನ ಮಾಡುತ್ತಿದ್ದಳಂತೆ. ಅಕ್ಕ "ಏನಿಲ್ಲ, ಸುಮ್ನೆ" ಎಂದು ಇಟ್ಟಳು.

ನಾನು ನಿಂತೇ ಹೇಳಿದೆ. ಬುಧವಾರದ ಕೂಟ ನಮ್ಮ ಮನೆಯಲ್ಲಿ. ಸರಪಳಿ ಪ್ರಾರ್ಥನೆ ಇರುತ್ತದೆ, ಅಂದರೆ ಒಬ್ಬರ ನಂತರ ಒಬ್ಬರು ಗಟ್ಟಿಯಾಗಿ ಪ್ರಾರ್ಥಿಸಬೇಕು. ಆ ಮಗುವಿಗಾಗಿ ನೀನೇ ಪ್ರಾರ್ಥಿಸು ಎಂದು ಕಾರ್ಯದರ್ಶಿ ಆಂಟಿ ನನಗೆ ಆಗಲೇ ಹೇಳಿಟ್ಟಿದ್ದಾರೆ. "ಪ್ರಾರ್ಥನೇಲಿ ಸುಳ್ಳು ಹೇಳಕ್ಕೆ ನನ್ನಿಂದ ಆಗಲ್ಲ, ಅಕ್ಕ."

ಅವಳು ತಲೆ ಎತ್ತಿ ನೋಡಿದಳು. "ನಮ್ಮತ್ತೆ ಹತ್ರ ಆಯ್ತಲ್ಲ. ದೇವರ ಹತ್ರ ಮಾತ್ರ ಆಗಲ್ವಾ?"

ನಾನು ಕೈಯಲ್ಲಿದ್ದ ಮೆಣಸಿನಕಾಯಿಯನ್ನು ಕೆಳಗಿಟ್ಟೆ.

"ಯಾರು ಅಂತ ನಾನು ಹೇಳಲ್ಲ. ಅದು ನಿಮ್ಮ ವಿಷಯ. ಆದ್ರೆ ಸುಳ್ಳು ನನ್ನದು. ಅದನ್ನ ವಾಪಸು ತಗೋತೀನಿ" ಎಂದೆ.

"ನಿಮ್ಮದನ್ನ ನೀವು ತೊಳ್ಕೊಂಬುಡ್ತೀರಿ. ಆ ನೀರು ನಮ್ಮನೆಗೆ ಹರಿಯುತ್ತೆ" ಎಂದು ಎದ್ದು ಹೋದಳು.

ಸೋಮವಾರ, ಮಂಗಳವಾರ ಕ್ಯಾರಿಯರ್ ಗೇಟಿನ ಬಳಿಯ ಕಟ್ಟೆಯ ಮೇಲಿತ್ತು. ಕೈಗೆ ಕೊಡಲು ಅವಳು ಬರಲಿಲ್ಲ. ಹುಷಾರಿಲ್ಲವೆಂದು ಕೂಟವನ್ನು ಬೇರೆ ಮನೆಗೆ ಹಾಕಿಸಬಹುದು ಎಂದು ಯೋಚಿಸಿದೆ. ಅದೂ ಇನ್ನೊಂದು ಸುಳ್ಳೇ ಆಗುತ್ತಿತ್ತು.

ಬುಧವಾರ ಆರು ಗಂಟೆಗೆ ನಮ್ಮ ಹಾಲಿನಲ್ಲಿ ಚಾಪೆ ಹಾಸಿದೆವು. ಪ್ರತಿ ವರ್ಷದಂತೆ ಓನರ್ ಆಂಟಿಯೂ ಮೇಲೆ ಬಂದು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕುಳಿತರು. ದೇವರ ವಿಷಯ ಎಲ್ಲಿ ಹೇಳಿದರೂ ಕೇಳಬೇಕು ಎನ್ನುವವರು ಅವರು, ನಮ್ಮ ಹಾಡುಗಳೆಂದರೆ ಇಷ್ಟ. ಆ ದಿನ ಕೈಯಲ್ಲೊಂದು ಸಣ್ಣ ಕಾಗದದ ಪೊಟ್ಟಣವಿತ್ತು. ಕುಳಿತವರೇ ನನ್ನ ಕಿವಿಯ ಹತ್ತಿರ ಬಗ್ಗಿ, "ಮಠದಿಂದ ವಿಭೂತಿ ತರಿಸಿದೀನಿ, ಆ ಕೂಸಿಗೆ. ನಿಮ್ಮೋರು ಹಣೆಗೆ ಹಚ್ಚಲ್ಲ ಅಂತ ಗೊತ್ತು. ದಿಂಬಿನ ಕೆಳಗಾದ್ರೂ ಇಡ್ಲಿ" ಎಂದರು.

ಪ್ರಾರ್ಥನೆ ಗೋಡೆಯ ಆ ಮೂಲೆಯಿಂದ ಶುರುವಾಯಿತು. ಒಬ್ಬರು ದೇಶಕ್ಕಾಗಿ, ಒಬ್ಬರು ಮಗಳ ಮದುವೆಗಾಗಿ, ಒಬ್ಬರು ಮಂಡಿನೋವಿಗಾಗಿ. ಪ್ರತಿ ಆಮೆನ್‌ಗೂ ನನ್ನ ಸರದಿ ಒಂದೊಂದು ಮೊಣಕಾಲಿನಷ್ಟು ಹತ್ತಿರ ಬಂತು. ಅಡುಗೆಮನೆಯಲ್ಲಿ ಕಾಫಿಯ ನೀರು ಇಟ್ಟಿದ್ದೆ. ನೋಡಿ ಬರುತ್ತೇನೆಂದು ಏಳಬಹುದಿತ್ತು. ಅಮ್ಮ ನನ್ನ ಪಕ್ಕದಲ್ಲೇ ಇದ್ದರು, ತಮ್ಮದು ಮುಗಿಸಿ ಮೊಣಕೈಯಿಂದ ಮೆಲ್ಲಗೆ ತಟ್ಟಿದರು.

"ಕರ್ತನೇ," ಎಂದೆ. "ಆ ಮಗುವಿಗೆ ಕಾಮಾಲೆ ಇಲ್ಲ. ನಾನು ಸುಳ್ಳು ಹೇಳಿದೆ. ಆ ಬಾಣಂತಿ ನಮ್ಮ ಸಭೆಯವಳು ಎಂದದ್ದೂ ಸುಳ್ಳು. ಇಲ್ಲಿರುವವರೆಲ್ಲ ನನ್ನ ಮಾತು ನಂಬಿ ಪ್ರೀತಿ ತೋರಿಸಿದರು. ನಾನು ನಿನ್ನ ಹೆಸರನ್ನು ಅಡ್ಡ ಇಟ್ಟುಕೊಂಡೆ. ಕ್ಷಮಿಸು. ಆಮೆನ್."

ಯಾರೂ ಆಮೆನ್ ಎನ್ನಲಿಲ್ಲ. ನನ್ನ ನಂತರದವರು ಕಾರ್ಯದರ್ಶಿ ಆಂಟಿ. ಗಂಟಲು ಸರಿಮಾಡಿಕೊಂಡು, ಏನೂ ಆಗದವರಂತೆ, ಬರುವ ಗುಡ್ ಫ್ರೈಡೇ ಆರಾಧನೆಗಾಗಿ ಪ್ರಾರ್ಥಿಸಿದರು. ನಾನು ಕಣ್ಣು ತೆರೆದಾಗ ಬಾಗಿಲ ಹತ್ತಿರದ ಕುರ್ಚಿ ಖಾಲಿಯಾಗಿತ್ತು. ಪೊಟ್ಟಣವನ್ನೂ ತೆಗೆದುಕೊಂಡು ಹೋಗಿದ್ದರು.

ಕಾಫಿ ಕುಡಿದು ಎಲ್ಲರೂ ಎದ್ದರು. ಕಾರ್ಯದರ್ಶಿ ಆಂಟಿ ಹೊರಡುವಾಗ ಬ್ಯಾಗಿನಿಂದ ಹಳದಿ ಸ್ವೆಟರ್ ತೆಗೆದು ನನ್ನ ಮಡಿಲಿಗೆ ಹಾಕಿದರು. "ಸಭೆಯವಳಲ್ಲ ಅಂದ್ರೆ ಚಳಿ ಆಗಲ್ವಾ ಮಗುಗೆ? ಆದ್ರೆ ಇನ್ನೊಂದ್ಸಲ ನನ್ನ ಲಿಸ್ಟಿಗೆ ಇಲ್ಲದೋರನ್ನ ಸೇರಿಸ್ಬೇಡ ಕಣಮ್ಮ" ಎಂದರು. ಬೇಸಿಗೆಯಲ್ಲಿ ಯಾವ ಚಳಿ ಎಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಗುರುವಾರ ಬೆಳಿಗ್ಗೆ ಕಟ್ಟೆಯ ಮೇಲೆ ಕ್ಯಾರಿಯರ್ ಇರಲಿಲ್ಲ. ಓನರ್ ಆಂಟಿ ಇದ್ದರು.

"ಯಾರವಳು?"

"ಅದನ್ನ ನಾನು ಹೇಳೋ ಹಾಗಿಲ್ಲ, ಆಂಟಿ."

"ಹೇಳ್ಬೇಡ. ನನ್ನ ಸೊಸೆ ಡಬ್ಬಿ ಮುಚ್ಚುವಾಗ್ಲೆಲ್ಲ ಕಣ್ಣೊರೆಸ್ಕೊಳ್ಳೋಳು. ನಾನು ಈರುಳ್ಳಿ ಅನ್ಕೊಂಡಿದ್ದೆ. ಬಾಣಂತಿ ಅಡುಗೆಗೆ ಈರುಳ್ಳಿ ಹಾಕಲ್ಲ ಅನ್ನೋದೂ ಹೊಳೀಲಿಲ್ಲ ನೋಡು ನನಗೆ." ಅವರ ದನಿ ಏರಲಿಲ್ಲ. "ನಿನ್ನೆ ಕೇಳ್ದೆ. ಹೇಳಿದ್ಲು. ನಿನ್ನ ಬಗ್ಗೆ ನನಗೆ ಕೋಪ ಇಲ್ಲ ಕಣಮ್ಮ. ಕೋಪ ಇಲ್ಲ ಅಂದ್ರೆ ಸುಳ್ಳಾಗುತ್ತೆ, ಇದೆ. ನಮ್ಮನೆಯವರು ನಾಲ್ಕು ಜನರ ಮುಂದೆ ಮಾತು ಕೊಟ್ಟವ್ರೆ. ಅವರಿಗೆ ನಾನು ಹೇಳಿಲ್ಲ, ಹೇಳೋದೂ ಇಲ್ಲ. ಆದ್ರೆ ನನ್ನ ಒಲೆ ಮೇಲೆ ಇನ್ನು ಅದು ಬೇಯಲ್ಲ. ಗೊತ್ತಿಲ್ಲದೆ ಮಾಡಿದ್ದು ಬೇರೆ, ಗೊತ್ತಿದ್ದು ಮಾಡೋದು ಬೇರೆ."

ಆ ಬೆಳಿಗ್ಗೆ ಬನ್ನಿಮಂಟಪದ ಕೋಣೆಗೆ ಸ್ವೆಟರ್ ಮಾತ್ರ ಹೋಯಿತು. ಆ ತಂಗಿ ನನ್ನ ಕೈಗಳನ್ನು ನೋಡಿದಳು, ಸ್ಕೂಟರಿನ ಕೊಕ್ಕೆಯನ್ನು ನೋಡಿದಳು. ನಡೆದದ್ದನ್ನೆಲ್ಲ ಹೇಳಿದೆ. "ಅಕ್ಕಂಗೆ ಹೊಡೆದ್ರಾ?" ಎಂದು ಮಾತ್ರ ಕೇಳಿದಳು. ಇಲ್ಲ ಎಂದೆ. ಶುಕ್ರವಾರ ಮತ್ತೆ ಹೋಟೆಲಿನ ಇಡ್ಲಿ.

ಮನೆಯಲ್ಲಿ ಅಮ್ಮ ಎರಡು ದಿನ ನನ್ನೊಂದಿಗೆ ಅಗತ್ಯಕ್ಕಿಂತ ಹೆಚ್ಚು ಮಾತಾಡಲಿಲ್ಲ. ಮನೆ ಖಾಲಿ ಮಾಡಿ ಎನ್ನುತ್ತಾರೇನೋ ಎಂದು ಕಾಯುತ್ತಿದ್ದರು ಎಂದು ಈಗ ಅನ್ನಿಸುತ್ತದೆ. ಕೆಳಗಿನಿಂದ ಆ ಮಾತು ಬರಲಿಲ್ಲ, ಬೇರೆ ಯಾವ ಮಾತೂ ಬರಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಸೊಸೆ ಗೋಡೆಗೆ ಸರಿದು ನಿಲ್ಲುತ್ತಿದ್ದಳು. ಮಾಡಿದ್ದು ಸರಿಯೋ ತಪ್ಪೋ ಎಂದು ಕೇಳಿಕೊಳ್ಳಲೂ ನನಗೆ ನಾಚಿಕೆಯಾಗುತ್ತಿತ್ತು. ಸುಳ್ಳು ಹೇಳುತ್ತಿದ್ದಾಗ ಒಬ್ಬಳು ಹೊಟ್ಟೆ ತುಂಬ ಉಣ್ಣುತ್ತಿದ್ದಳು. ನಿಜ ಹೇಳಿದ ಮೇಲೆ ನಾನೊಬ್ಬಳೇ ಹಗುರಾಗಿದ್ದೆ, ಅದೂ ಪೂರ್ತಿಯಾಗಿ ಅಲ್ಲ.

ಶನಿವಾರ ಬೆಳಿಗ್ಗೆ ಅಮ್ಮ ಮಾರ್ಕೆಟ್ಟಿನಿಂದ ಸಬ್ಬಸಿಗೆ ಸೊಪ್ಪು ತಂದು ಮೇಜಿನ ಮೇಲೆ ಹಾಕಿದರು. "ನಮ್ಮ ಬಾಣಂತಿ ಅಂದುಬಿಟ್ಟಿದೀಯಲ್ಲ. ಇನ್ನೇನು, ನಮ್ಮೋಳೇ. ಎದ್ದು ಬೆಳ್ಳುಳ್ಳಿ ಸುಲಿ" ಎಂದರು. ನಮ್ಮಲ್ಲಿ ಬಾಣಂತಿಗೆ ಕಾಲುಸೂಪು, ಒಣಮೀನು ಕೊಡುತ್ತಾರೆ. ಈ ಹುಡುಗಿ ಮೊಟ್ಟೆಯನ್ನೂ ಮುಟ್ಟಿದವಳಲ್ಲ. ಅಮ್ಮ ಮಾಡಿದ ಮೆಣಸಿನ ಸಾರು ನಮ್ಮ ಮನೆಯ ರಸದ ಹಾಗೇ ಇತ್ತು. ಕೋಣೆಯಲ್ಲಿ ಅವಳು ಡಬ್ಬಿಯನ್ನು ಮೂಗಿನ ಹತ್ತಿರ ತಂದು, ಇಳಿಸಿ, "ಇದು ಅಕ್ಕಂದಲ್ಲ" ಎಂದಳು. ಉಂಡಳು, ಪೂರ್ತಿ ಉಂಡಳು, ಥ್ಯಾಂಕ್ಸ್ ಎಂದಳು. ಅದುವರೆಗೆ ಒಮ್ಮೆಯೂ ಥ್ಯಾಂಕ್ಸ್ ಹೇಳಿರಲಿಲ್ಲ.

ಸೋಮವಾರ ಅಮ್ಮ ಬೆಳ್ಳುಳ್ಳಿಯನ್ನು ತುಪ್ಪಕ್ಕೆ ಹಾಕಿ ನನ್ನ ಸೀರೆಯ ನೆರಿಗೆ ಹಿಡಿಯಲು ಬಂದಿದ್ದರು. ಕೆಳಗಿನಿಂದ ಓನರ್ ಆಂಟಿಯ ದನಿ ಕಿಟಕಿಯಲ್ಲಿ ಬಂತು, ನಾಲ್ಕು ದಿನಗಳಲ್ಲಿ ಮೊದಲ ಸಲ.

"ಟೀಚರೇ! ಬೆಳ್ಳುಳ್ಳಿ ಸೀದೋಯ್ತಾ ಇದೆ ಕಣ್ರೀ! ಕಪ್ಪಾದ್ರೆ ಕಹಿ ಆಗುತ್ತೆ, ಮಗುಗೆ ಹೊಟ್ಟೆನೋವು ಬರುತ್ತೆ!"

ಅಮ್ಮ ಓಡಿದರು. ಬಾಣಲೆ ಇಳಿಸಿ ಕಿಟಕಿಗೆ ಬಂದು, "ನಮಗೆ ಹೆಂಗೆ ಮಾಡೋದು ಅಂತ ಗೊತ್ತಿಲ್ಲ ಕಣ್ರೀ" ಎಂದರು. ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ. ಸೊಸೆ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ನನ್ನನ್ನಲ್ಲ, ಅಮ್ಮನನ್ನು ನೋಡುತ್ತ ಹೇಳಿದಳು. "ಮೇಲೆ ಹೋಗಿ ತೋರಿಸ್ಕೊಟ್ಟು ಬಾ ಅಂದ್ರು ಅತ್ತೆ. ಟೀಚರ್ ಮನೆ ಒಲೆ ಬಗ್ಗೆ ಯಾರೂ ಮಾತು ಕೊಟ್ಟಿಲ್ಲ ಅಂದ್ರು. ಯಾರಿಗೆ ಅಂತ ಅವರ ಮುಂದೆ ಯಾರೂ ಹೇಳ್ಬಾರ್ದಂತೆ."

ನಮ್ಮ ಅಡುಗೆಮನೆಯಲ್ಲಿ ಇಬ್ಬರೇ ನಿಲ್ಲಬಹುದು. ನಾನು ಬಾಗಿಲಲ್ಲಿ ನಿಂತೆ. ಅವಳು ಸೀದದ್ದನ್ನು ಚೆಲ್ಲಿ ಹೊಸದಾಗಿ ತುಪ್ಪ ಕಾಯಿಸಿದಳು. ನಮ್ಮ ಡಬ್ಬಿಗಳನ್ನು ಒಂದೊಂದಾಗಿ ತೆರೆದು ಜೀರಿಗೆ ಎಲ್ಲಿದೆ, ಮೆಣಸು ಎಲ್ಲಿದೆ ಎಂದು ತಾನೇ ಹುಡುಕಿಕೊಂಡಳು. ಸಾರು ಕುದಿಯುವಾಗ ನಾನು, "ಅಕ್ಕ, ಕ್ಷಮಿಸಿ" ಎಂದೆ.

"ಅದು ಆಮೇಲೆ. ಕೊತ್ತಂಬರಿ ಬೀಜ ಇಲ್ವಾ ನಿಮ್ಮನೇಲಿ?"

ಆ ಆಮೇಲೆ ಇನ್ನೂ ಬಂದಿಲ್ಲ. ಈಸ್ಟರ್ ಕಳೆದು, ಬಾಣಂತನದ ದಿನಗಳು ಮುಗಿಯುತ್ತ ಬಂದವು. ಅವಳು ದಿನವೂ ಮೇಲೆ ಬಂದು ಅಡುಗೆ ಮಾಡಿ ಇಳಿದು ಹೋಗುತ್ತಾಳೆ. ಉಪ್ಪು ಎಲ್ಲಿ, ಸೌಟು ಎಲ್ಲಿ ಎಂಬುದರ ಹೊರತು ನನ್ನೊಂದಿಗೆ ಮಾತಿಲ್ಲ. ಕೆಳಗೆ ಯಜಮಾನರು ಪೇಪರ್ ಓದುತ್ತ ಕುಳಿತಿರುವ ವೆರಾಂಡವನ್ನು ದಾಟಿ ನಾನು ದಿನವೂ ಕ್ಯಾರಿಯರ್ ಹಿಡಿದು ಹೋಗಬೇಕು. ಅವರು ಒಂದು ದಿನ ತಲೆ ಎತ್ತಿ ಎಲ್ಲಿಗೆ ಎಂದು ಕೇಳಿದರೆ ಏನು ಹೇಳುವುದು? ಸುಳ್ಳು ಹೇಳುವಂತಿಲ್ಲ, ನಿಜವೂ ನನ್ನದಲ್ಲ. ದಿನವೂ ಆ ಹತ್ತು ಹೆಜ್ಜೆ ಉಸಿರು ಹಿಡಿದು ದಾಟುತ್ತೇನೆ.

ಬೆಳ್ಳುಳ್ಳಿ ಸೀದ ಆ ಸೋಮವಾರ ಮಾತ್ರ ಅವರು ಮನೆಯಲ್ಲಿರಲಿಲ್ಲ. ಬನ್ನಿಮಂಟಪದಲ್ಲಿ ಆ ತಂಗಿ ಮುಚ್ಚಳ ತೆಗೆದು ಮೂಗಿನ ಹತ್ತಿರ ತಂದಳು. ಅಲ್ಲೇ ನಿಂತಳು.

"ಅಕ್ಕಂದು" ಎಂದಳು. "ಎಲ್ಲಿ ನಿಂತ್ಕೊಂಡು ಮಾಡಿದ್ಲು?"

"ನಮ್ಮನೇಲಿ."

"ಅವರತ್ತೆಗೆ ಗೊತ್ತಾ?"

"ಗೊತ್ತು."

"ಏನಂದ್ರು?"

ನಾನು ಯೋಚಿಸಿದೆ. ಹೇಳಬಾರದ್ದನ್ನು ಬಿಟ್ಟು, ನಿಜವಾಗಿ ಹೇಳಿದ್ದನ್ನಷ್ಟೇ ಹೇಳಬೇಕಿತ್ತು.

"ಬೆಳ್ಳುಳ್ಳಿ ಸೀದೋಯ್ತಾ ಇದೆ ಅಂದ್ರು."

ಅವಳು ಒಂದು ಕೈಯಿಂದ ಹೊಟ್ಟೆಯ ಹೊಲಿಗೆಯನ್ನು ಒತ್ತಿ ಹಿಡಿದುಕೊಂಡು ನಗತೊಡಗಿದಳು. ಸದ್ದಿಗೆ ಮಗು ಎದ್ದು ಅಳುತ್ತಿದ್ದರೂ ಅವಳಿಗೆ ನಿಲ್ಲಿಸಲಾಗಲಿಲ್ಲ. ನಾನು ಮಗುವನ್ನು ಎತ್ತಿಕೊಂಡೆ.